ಫ್ರಕ್ಟೋಸ್ ಕೀಟೋನ್ ಅಲ್ವಾ, ಮತ್ತೆ ಸಿಲ್ವರ್ ಮಿರರ್ ಹೆಂಗ್ ಬರತ್ತೆ?

ಪ್ರಶ್ನೆ (ಸೆಕೆಂಡ್ ಪಿಯುಸಿ):
ನಮಸ್ಕಾರ, ಬಯೋಮಾಲಿಕ್ಯೂಲ್ಸ್ ಓದ್ತಾ ಒಂದು ಕಡೆ ಸಿಕ್ಕಾಕೊಂಡಿದೀನಿ. ಕೀಟೋನ್ ಟಾಲೆನ್ಸ್ ಟೆಸ್ಟ್ (ಬೆಳ್ಳಿ ಕನ್ನಡಿ ಬರತ್ತಲ್ಲ, ಅದು) ಕೊಡಲ್ಲ ಅಂತ ಮೊದ್ಲು ಓದಿದ್ವಿ, ಈಗ ನೋಡಿದ್ರೆ ಫ್ರಕ್ಟೋಸ್ ಕೀಟೋಸ್ (ಕೀಟೋನ್ ಗುಂಪಿರೋ ಶುಗರ್) ಆದ್ರೂ ಟಾಲೆನ್ಸ್, ಫೆಹ್ಲಿಂಗ್ (ಕೆಂಪು ಪುಡಿ ಬೀಳೋ ಟೆಸ್ಟ್) ಎರಡೂ ಕೊಡತ್ತಂತೆ, ಆದ್ರೆ ಬ್ರೋಮಿನ್ ವಾಟರ್ ಹಾಕಿದ್ರೆ ಮಾತ್ರ ಏನೂ ಆಗಲ್ವಂತೆ, ಅಲ್ಲಿ ಗ್ಲೂಕೋಸ್ ಒಂದೇ ಆಕ್ಸಿಡೈಸ್ ಆಗೋದು. ಯಾಕೆ? ಬಾಯಿಪಾಠ ಮಾಡೋಕೆ ಮನಸ್ಸಿಲ್ಲ.

ಉತ್ತರ 1:
ಒಳ್ಳೇ ಪ್ರಶ್ನೆ. ಆಕ್ಸಿಡೈಸಿಂಗ್ ಏಜೆಂಟ್ ಬಿಡು, ಮೀಡಿಯಂ ನೋಡು. ಟಾಲೆನ್ಸ್, ಫೆಹ್ಲಿಂಗ್ ಎರಡೂ ಬೇಸಿಕ್, ಅಂದ್ರೆ ಕ್ಷಾರೀಯ. ಬೇಸ್ ಬಂದು ಫ್ರಕ್ಟೋಸಿನ ಸಿ1ನಿಂದ (ಒಂದನೇ ಕಾರ್ಬನ್) ಒಂದು ಪ್ರೋಟಾನ್ ಕಿತ್ಕೊಳತ್ತೆ, ಆಗ ಈನ್‌ಡಯಾಲ್ ಆಗತ್ತೆ, ಅಂದ್ರೆ ಸಿ1 ಸಿ2 ಮಧ್ಯೆ ಡಬಲ್ ಬಾಂಡ್, ಎರಡರ ಮೇಲೂ ಒಂದೊಂದು ಒಎಚ್. ಅದು ವಾಪಸ್ ತಿರುಗುವಾಗ ಕಾರ್ಬೊನಿಲ್ (C=O) ಸಿ2ನಲ್ಲಿ ಕೂತ್ರೆ ಅದೇ ಫ್ರಕ್ಟೋಸ್, ಸಿ1ನಲ್ಲಿ ಕೂತ್ರೆ ಗ್ಲೂಕೋಸ್ ಇಲ್ಲಾ ಮ್ಯಾನೋಸ್, ಇವೆರಡೂ ಆಲ್ಡೋಸ್, ಅಂದ್ರೆ ಆಲ್ಡಿಹೈಡ್ ಗುಂಪಿರೋ ಶುಗರ್, ಟೆಸ್ಟ್ ಕೊಡತ್ತೆ! ಆಲ್ಡೋಸ್ ಖರ್ಚಾಗ್ತಾ ಹೋದಂಗೆ ಇನ್ನಷ್ಟು ಫ್ರಕ್ಟೋಸ್ ಆ ಕಡೆಗೆ ಬದಲಾಗ್ತಾ ಹೋಗತ್ತೆ. ಬ್ರೋಮಿನ್ ವಾಟರ್ ಸ್ವಲ್ಪ ಆಸಿಡಿಕ್, ಅಲ್ಲಿ ಈ ಅದಲುಬದಲು ನಡೆಯಲ್ಲ, ಅದಕ್ಕೆ ಗ್ಲೂಕೋಸ್ ಗ್ಲುಕಾನಿಕ್ ಆಸಿಡ್ ಆಗತ್ತೆ, ಫ್ರಕ್ಟೋಸ್ ಹಂಗೇ ಉಳಿಯತ್ತೆ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ, ಒಂದು ಸೇರಿಸ್ತೀನಿ. ಫ್ರಕ್ಟೋಸ್ ಮಾಮೂಲಿ ಕೀಟೋನ್ ಅಲ್ಲ, ಕಾರ್ಬೊನಿಲ್ ಪಕ್ಕದ ಕಾರ್ಬನ್ ಮೇಲೇ ಒಎಚ್ ಇದೆ. ಅಸಿಟೋನಿಗೆ ಅದಿಲ್ಲ, ಅದಕ್ಕೇ ಅಸಿಟೋನ್ ಈ ಟೆಸ್ಟ್ ಕೊಡಲ್ಲ. ಈನ್‌ಡಯಾಲ್ ತಾನೇ ನೇರವಾಗಿ ಆಕ್ಸಿಡೈಸ್ ಆಗೋದೂ ಉಂಟು, ಪೂರ್ತಿ ಗ್ಲೂಕೋಸ್ ಆಗೋವರೆಗೂ ಕಾಯ್ಬೇಕು ಅಂತೇನಿಲ್ಲ.

ಲ್ಯಾಬಲ್ಲಿ ಮಾಡೋದಾದ್ರೆ ಟೆಸ್ಟ್ ಟ್ಯೂಬ್ ಚೆನ್ನಾಗಿ ತೊಳೀರಿ, ಕೊಳೆ ಇದ್ರೆ ಕನ್ನಡಿ ಬರಲ್ಲ, ಕಪ್ಪು ಪುಡಿ ಬೀಳತ್ತೆ ಅಷ್ಟೇ. ಮತ್ತೆ ಉಳಿದ ಟಾಲೆನ್ಸ್ ರೀಏಜೆಂಟ್ ದಯವಿಟ್ಟು ಎತ್ತಿಡಬೇಡಿ, ನಿಂತ್ರೆ ಸ್ಫೋಟ ಆಗೋ ಬೆಳ್ಳಿ ಸಂಯುಕ್ತ ಆಗತ್ತೆ, ಅವತ್ತವತ್ತೇ ಮಾಡಿ ಅವತ್ತೇ ಆಸಿಡ್ ಹಾಕಿ ಚೆಲ್ಲಬೇಕು.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಸರ್, ಈಗ ತಲೆಗೆ ಹೋಯ್ತು! ಹಂಗಾದ್ರೆ ಸಕ್ಕರೆಯಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಎರಡೂ ಇದೆಯಲ್ಲ, ಅದು ಯಾಕೆ ಫೆಹ್ಲಿಂಗ್ ಕೊಡಲ್ಲ?

ಉತ್ತರ 1:
ಗ್ಲೂಕೋಸಿನ ಸಿ1, ಫ್ರಕ್ಟೋಸಿನ ಸಿ2 ಎರಡೂ ಒಂದಕ್ಕೊಂದು ಕೈ ಹಿಡ್ಕೊಂಡಿವೆ, ರಿಂಗ್ ತೆರೆದು ಕಾರ್ಬೊನಿಲ್ ಹೊರಗೆ ಬರೋಕೆ ದಾರಿನೇ ಇಲ್ಲ. ಸಕ್ಕರೆ ನೀರಿಗೆ ಎರಡು ಹನಿ ಡೈಲ್ಯೂಟ್ ಎಚ್‌ಸಿಎಲ್ ಹಾಕಿ ಬಿಸಿ ಮಾಡು, ಆ ಹಿಡಿತ ಬಿಟ್ಟು ಎರಡೂ ಬೇರೆ ಆಗತ್ತೆ, ಆಮೇಲೆ ಬೇಸ್ ಹಾಕಿ ಆಸಿಡ್ ತೆಗೆದು ಫೆಹ್ಲಿಂಗ್ ಮಾಡು, ಇಟ್ಟಿಗೆ ಕೆಂಪು ಕ್ಯುಪ್ರಸ್ ಆಕ್ಸೈಡ್ ತಳಕ್ಕೆ ಕೂರತ್ತೆ.