‘ಹೊಂಚಿ ಇಡು’: ನಿಮ್ಮ ಕಡೆ ಈ ಮಾತು ಇದೆಯಾ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ಕೇಳಬೇಕಿತ್ತು. ಅದು ನನ್ನ ಕಿವಿಗೆ ಹೇಗೆ ಬಿತ್ತು ಅನ್ನೋದನ್ನು ಮೊದಲು ಹೇಳಿಬಿಡುತ್ತೇನೆ. ಸ್ವಲ್ಪ ಉದ್ದವಾದರೆ ಬೇಜಾರು ಮಾಡಿಕೊಳ್ಳಬೇಡಿ.

ನಮ್ಮೂರು ಮುಳಬಾಗಿಲು ತಾಲ್ಲೂಕಿನಲ್ಲಿದೆ. ಊರಿನ ಹೆಂಗಸರ ಸಂಘದವರು ಒಂದು ಕರಪತ್ರ ಬರೆದುಕೊಡಿ ಅಂದರು. ಮಳೆ ಕೈಕೊಟ್ಟರೆ, ಕೂಲಿ ನಿಂತರೆ, 2020ರ ಲಾಕ್‌ಡೌನ್ ಹಾಗೆ ರಾತ್ರೋರಾತ್ರಿ ಬಸ್ಸು, ಸಂತೆ ಎಲ್ಲಾ ಬಂದ್ ಆದರೆ, ಜಾಸ್ತಿ ಖರ್ಚಿಲ್ಲದೆ ಮನೆ ನಡೆಸೋದು ಹೇಗೆ ಅನ್ನೋದು ವಿಷಯ. ನಾನು ಜಂಬದಿಂದ ‘ಕುಟುಂಬದ ಆಪತ್ಕಾಲೀನ ಪೂರ್ವಸಿದ್ಧತೆ ಹಾಗೂ ವನ್ಯ ಆಹಾರ ಸಂಗ್ರಹಣೆ’ ಅಂತ ತಲೆಬರಹ ಕೊಟ್ಟು, ಅತ್ತೆಗೆ ಓದಿ ಹೇಳಿದೆ. ಅವರು ಜಗಲಿ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಕೈ ನಿಲ್ಲಿಸಲಿಲ್ಲ.

“ಏನೋ ಇದು, ಪೂಜಾರಪ್ಪ ಮಂತ್ರ ಹೇಳ್ದಂಗೈತೆ. ಹೊಂಚಿ ಇಟ್ಕೊಳ್ರಿ, ಸೊಪ್ಪಿಗೆ ಹೋಗ್ರಿ ಅಂತ ಬರಿ. ಎಲ್ರಿಗೂ ತಿಳೀತದೆ.”

ಸೊಪ್ಪಿನ ವಿಷಯ ಆಮೇಲೆ. ಮೊದಲು ಈ ‘ಹೊಂಚು’.

ಪೇಪರಿನಲ್ಲಿ ಈ ಪದ ಬಂದರೆ ಏನೋ ಕೆಟ್ಟದ್ದು ನಡೆದಿದೆ ಅಂತಲೇ ಅರ್ಥ. ಹೊಂಚು ಹಾಕಿ ಹಲ್ಲೆ, ಹೊಂಚು ಹಾಕಿ ಕೂತಿದ್ದ ಚಿರತೆ. ಹೆಚ್ಚೆಂದರೆ ಹಾಲಿನ ಪಾತ್ರೆ ಪಕ್ಕ ಹೊಂಚು ಹಾಕೋ ಬೆಕ್ಕು. ನಮ್ಮಲ್ಲಿ ಮನೆಮಾತು ತೆಲುಗು ಆಗಿರೋರು ತುಂಬ ಜನ ಇದ್ದಾರೆ. ಅವರ ‘ಪೊಂಚು’ ಕೂಡ ಇಷ್ಟೇ, ಮರೆಯಲ್ಲಿ ಅಡಗಿ ಕಾಯೋದು. ಆದರೆ ಅತ್ತೆ ಬಾಯಲ್ಲಿ ಹೊಂಚು ಅಂದರೆ ಬೇರೆಯೇ. “ಮೊಮ್ಮಗನ ಫೀಸಿಗೆ ಎಲ್ಲಿಂದ ಹೊಂಚ್ತೀಯ?” “ಮಳೆಗಾಲಕ್ಕೆ ಸೌದೆ ಹೊಂಚಬೇಕು.” “ಹೆಂಗೋ ಒಂದು ಮೂಟೆ ರಾಗಿ ಹೊಂಚಿದ್ದೀನಿ.” ದುಡ್ಡು ಹೊಂಚು ಅನ್ನೋದು ಬೆಂಗಳೂರಿನ ಸುತ್ತಮುತ್ತಲೂ ಕೇಳಿಬರುತ್ತೆ. ರಾಗಿ, ಸೌದೆ, ಬೀಜ ಇವನ್ನೆಲ್ಲ ಹೊಂಚೋದು ನಾನು ಜಾಸ್ತಿ ಕೇಳಿರೋದು ನಮ್ಮ ಕಡೆಯೇ.

ಇದನ್ನು ‘ಕೂಡಿಡು’ ಅಂತ ಬದಲಾಯಿಸಿ ನೋಡಿದೆ. ಸರಿಹೋಗಲ್ಲ. ಕೂಡಿಡೋದಕ್ಕೆ ಮೊದಲು ಮಿಕ್ಕಿರಬೇಕು. ಹೊಂಚೋನ ಹತ್ತಿರ ಮಿಕ್ಕಿರೋದಿಲ್ಲ. ಅಲ್ಲಿಷ್ಟು ಇಲ್ಲಿಷ್ಟು ಕಿತ್ತು, ಕಾಡಿ ಬೇಡಿ, ಒಂದು ಹೊತ್ತಿನದನ್ನು ಇನ್ನೊಂದು ಹೊತ್ತಿಗೆ ತಳ್ಳಿ ಒಟ್ಟು ಮಾಡೋದು ಹೊಂಚೋದು. ‘ಒದಗಿಸು’ ಅಂದರೆ ಕೊಡೋನು ಬೇರೆ ಯಾರೋ ಇದ್ದಾನೆ. ‘ಸಂಗ್ರಹಿಸು’ ಅಂದ ತಕ್ಷಣ ನನಗೆ ಗೋದಾಮು ಕಣ್ಣಮುಂದೆ ಬರುತ್ತೆ, ಮನೆಯಲ್ಲ.

ಅತ್ತೆ ಹೇಗೆ ಹೊಂಚುತ್ತಾರೆ ಅಂತ ಹತ್ತಿರದಿಂದ ನೋಡಿದ್ದೇನೆ. ಅನ್ನಕ್ಕೆ ಪಾವಿನಲ್ಲಿ ಅಕ್ಕಿ ಅಳೆದುಕೊಳ್ಳುತ್ತಾರೆ. ತೊಳೆಯುವ ಮುಂಚೆ ಅದರಿಂದಲೇ ಒಂದು ಹಿಡಿ ತೆಗೆದು, ಹಳೇ ಹಾಲಿನಪುಡಿ ಡಬ್ಬಿಗೆ ಹಾಕುತ್ತಾರೆ. ಒಂದು ದಿನ ಆ ಹಿಡಿಯನ್ನು ತೂಗಿದೆ. ಐವತ್ತು ಗ್ರಾಂ ಆಸುಪಾಸು. ತಿಂಗಳಿಗೆ ಒಂದೂವರೆ ಕೆಜಿ ಆಯಿತು. ಉಣ್ಣುವವರಿಗೆ ಕಡಿಮೆ ಆಯಿತು ಅಂತ ಗೊತ್ತೂ ಆಗಲ್ಲ. ಹುಣಸೆಹಣ್ಣು ಬೀಜ ತೆಗೆದು, ಉಪ್ಪು ಬೆರೆಸಿ, ಉಂಡೆ ಕಟ್ಟಿ ಮಡಕೆಗೆ. ಒಣ ಅವರೆಕಾಳಿಗೆ ಕೆಮ್ಮಣ್ಣು ಕಟ್ಟಿ ಬಿಸಿಲಿಗೆ, ಹುಳ ಬೀಳಬಾರದು ಅಂತ. ಹುರುಳಿ ಡಬ್ಬಿಯಲ್ಲಿ ಬೇವಿನ ಎಲೆ. ಬೆಂಕಿಪೊಟ್ಟಣ ಮಾತ್ರ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ದೇವರ ಗೂಡಿನ ಹಿಂದೆ. ಇದಕ್ಕೆಲ್ಲ ಸೇರಿಸಿ ಅವರು ಹೇಳೋದು ಒಂದೇ ಪದ.

ಇವತ್ತು ಡಬ್ಬಿಯಲ್ಲಿ ಇರೋದು ಹಿಂದೆ ನೆಲದ ಕೆಳಗೆ ಇರುತ್ತಿತ್ತು. ಹಗೇವು ನಿಮಗೆಲ್ಲ ಗೊತ್ತಿರುತ್ತೆ. ಗಟ್ಟಿ ನೆಲದಲ್ಲಿ ಗುಂಡಿ ತೋಡಿ, ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತೋದು. ರಾಗಿಗೆ ಹುಳ ಹತ್ತೋದು ಕಡಿಮೆ. ವರ್ಷಗಟ್ಟಲೆ ಹಾಗೇ ಇರುತ್ತೆ. ನದಿ ನೀರು ಕಾಣದ, ಕೆರೆ ನಂಬಿದ ನಮ್ಮ ಸೀಮೆಗೆ ಅದು ಹೇಳಿ ಮಾಡಿಸಿದ ಕಾಳು. ನಮ್ಮ ಮನೆ ಹಗೇವು ನಾನು ನೋಡುವ ಹೊತ್ತಿಗೆ ಬರೀ ಚಪ್ಪಡಿ ಆಗಿತ್ತು, ಮೇಲೆ ಕೂತು ಬಟ್ಟೆ ಒಗೆಯುತ್ತಿದ್ದರು. ಅಜ್ಜಿ ಹೇಳುತ್ತಿದ್ದರು: ಬಾಯಿ ತೆಗೆದ ಕೂಡಲೇ ಯಾರೂ ಇಳಿಯಬಾರದು. ಸ್ವಲ್ಪ ಹೊತ್ತು ಗಾಳಿಗೆ ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು. ದೀಪ ಆರಿದರೆ ಆಳು ಇಳಿಯೋ ಹಾಗಿಲ್ಲ. ಒಳಗೆ ಉಸಿರಾಡೋ ಗಾಳಿ ಇರಲ್ಲ, ಜೀವಕ್ಕೇ ಅಪಾಯ. ತೆಲುಗಿನವರು ಇದನ್ನೇ ‘ಪಾತರ’ ಅನ್ನುತ್ತಾರೆ. ಕೆಲವು ಕಡೆ ಹಗೇವಿಗೆ ಬರೀ ‘ಹಗೆ’ ಅಂತಲೂ ಹೆಸರು. ಚಿಕ್ಕವನಿದ್ದಾಗ ‘ಹಗೆ ತೆಗೆದರು’ ಅಂತ ಕೇಳಿ, ಎರಡು ಮನೆಗೂ ಜಗಳ ಶುರುವಾಯಿತು ಅಂದುಕೊಂಡಿದ್ದೆ!

1876ರಿಂದ 78ರ ಬರಕ್ಕೆ ‘ಧಾತು, ಈಶ್ವರ’ ಅಂತ ಆ ಎರಡು ಸಂವತ್ಸರಗಳ ಹೆಸರೇ ನಿಂತುಬಿಟ್ಟಿದೆ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಸುಮಾರು 50 ಲಕ್ಷ ಇದ್ದದ್ದು 1881ರ ಎಣಿಕೆಗೆ 42 ಲಕ್ಷಕ್ಕೆ ಇಳಿದಿತ್ತು. ಅಷ್ಟು ದೊಡ್ಡ ಬರದ ಮುಂದೆ ಹಗೇವೂ ಎಷ್ಟು ದಿನ ತಡೆದೀತು? ಮುಂದೆ ಉಳಿಯೋದು ಹೊಲ, ಬೇಲಿ, ಕೆರೆ ಅಂಗಳ.

ಈಗ ‘ಸೊಪ್ಪಿಗೆ ಹೋಗು’. ‘ವನ್ಯ ಆಹಾರ ಸಂಗ್ರಹಣೆ’ ಅಂತ ನಾನು ಒದ್ದಾಡಿದ್ದನ್ನು ಅತ್ತೆ ಎರಡು ಪದದಲ್ಲಿ ಮುಗಿಸಿದರಲ್ಲ, ಅದು ನನಗೆ ಬಹಳ ಹಿಡಿಸಿತು. ಸೊಪ್ಪಿಗೆ, ಸೌದೆಗೆ, ನೀರಿಗೆ, ಹುಲ್ಲಿಗೆ, ಜೇನಿಗೆ, ಮೀನಿಗೆ ಹೋಗೋದು. ಬೆಳೆಯದೆ, ಕೊಳ್ಳದೆ, ಹೋಗಿ ತರೋದಕ್ಕೆಲ್ಲ ಈ ‘-ಗೆ’ ಸಾಕು. ತೆಲುಗಿನಲ್ಲೂ ‘ನೀಳ್ಳಕು ಪೋಯಿಂದಿ’, ‘ಕಟ್ಟೆಲಕು ಪೋಯಿಂದಿ’ ಅಂತಾರೆ. ಆದರೆ ‘ಅಕ್ಕಿಗೆ ಹೋದಳು’ ಅಂದರೆ ರೇಷನ್ ಅಂಗಡಿ ಕ್ಯೂ. ‘ಟೊಮೇಟೊಗೆ ಹೋದಳು’ ಅಂದರೆ ನಮ್ಮ ಕೋಲಾರದಲ್ಲಿ ಯಾರದೋ ತೋಟಕ್ಕೆ ಹಣ್ಣು ಬಿಡಿಸುವ ಕೂಲಿಗೆ ಹೋದಳು ಅಂತ. ‘ಕಳೆಗೆ ಹೋದಳು’ ಅಂದರೂ ಕೂಲಿಯೇ.

ತಮಾಷೆ ಏನು ಅಂದರೆ, ಕಳೆಗೆ ಹೋದೋಳೇ ಸಾಯಂಕಾಲ ಮಡಿಲು ತುಂಬ ಸೊಪ್ಪು ತರುತ್ತಾಳೆ. ರಾಗಿ ಹೊಲದ ಅಣ್ಣೆ ಬೆಳಗ್ಗೆ ಕಳೆ, ಸಂಜೆ ಸೊಪ್ಪು. ಗೋಣಿಸೊಪ್ಪು, ಹೊನಗೊನ್ನೆ, ಕೊಮ್ಮೆ, ತಗಚೆ, ಗಣಿಕೆ, ಮುಳ್ಳುಕೀರೆ ಎಲ್ಲದರ ಕಥೆಯೂ ಇಷ್ಟೇ. ಹೊಲದೋನ ಬಾಯಲ್ಲಿ ಒಂದು ಹೆಸರು, ಒಲೆ ಮುಂದೆ ಇನ್ನೊಂದು. ಕಳೆನಾಶಕ ಹೊಡೆದ ಹೊಲದಲ್ಲಿ ಮಾತ್ರ ಈಗ ಅದು ಬರೀ ಕಳೆ, ಅಲ್ಲಿ ಯಾರೂ ಬಗ್ಗಲ್ಲ. ಅಣಬೆ ಬಗ್ಗೆ ನಾನು ಬರೆಯಲ್ಲ. ಅದರಲ್ಲಿ ಅತ್ತೆಗೂ ಧೈರ್ಯ ಕಡಿಮೆ.

ಇಲ್ಲಿ ನನ್ನದೇ ಒಂದು ಎಡವಟ್ಟು ಹೇಳಬೇಕು, ಯಾಕಂದರೆ ಅದೂ ಪದದ್ದೇ. ಲಾಕ್‌ಡೌನಿನಲ್ಲಿ ಊರಲ್ಲೇ ಉಳಿದಿದ್ದೆ. ಮೊದಲ ಮಳೆ ಬಿದ್ದ ಮೇಲೆ ಒಂದು ಬೆಳಗ್ಗೆ ಪಂಚೆ ಎತ್ತಿ ಕಟ್ಟಿಕೊಂಡು ನಾನೇ ಸೊಪ್ಪಿಗೆ ಹೋದೆ. ತಿಪ್ಪೆ ಪಕ್ಕ ಚೆನ್ನಾಗಿ ಎಳೆಯ ಗಿಡ ಇತ್ತು. ಗಣಿಕೆ ಅಂದುಕೊಂಡು ಕುಡಿ ಚಿವುಟಿ ತಂದೆ. ಅತ್ತೆ ಮೊರದಲ್ಲಿ ಹರಡಿ ಸೊಪ್ಪು ಸೋಸೋಕೆ ಕೂತರು. ಒಂದು ಎಲೆ ತೆಗೆದು ಬೆರಳಲ್ಲಿ ಉಜ್ಜಿ ಮೂಸಿದರು. ನನ್ನ ಮುಖ ನೋಡಿದರು. “ಇದು ಮದ್ದುಗುಣಿಕೆ ಕಣೋ. ಎಲ್ರೂ ಹುಚ್ಚು ಹಿಡಿದು ಕುಣೀಬೇಕಿತ್ತು” ಅಂದು ಇಡೀ ಮೊರ ತಿಪ್ಪೆಗೆ ಎತ್ತಿ ಹಾಕಿದರು. ಒಳ್ಳೆಯ ಅಣ್ಣೆಯೂ ಅದರ ಜೊತೆ ಹೋಯಿತು.

ಮದ್ದುಗುಣಿಕೆ ಅಂದರೆ ದತ್ತೂರಿ, ನಮ್ಮಲ್ಲಿ ಉಮ್ಮತ್ತಿ ಅಂತಲೂ ಕರೀತಾರೆ. ಹೂ ಬಿಟ್ಟರೆ ಮೋಸ ಹೋಗೋ ಹಾಗಿಲ್ಲ. ಉಮ್ಮತ್ತಿಯದು ಕಹಳೆಯಂಥ ಉದ್ದ ಹೂವು, ಮುಳ್ಳಿನ ಕಾಯಿ. ಗಣಿಕೆಯದು ನಕ್ಷತ್ರದಂಥ ಪುಟ್ಟ ಬಿಳಿ ಹೂವು, ಗೊಂಚಲು ಹಣ್ಣು. ಎಳೆಯದರಲ್ಲಿ ಮಾತ್ರ ನನ್ನಂಥೋನಿಗೆ ಎರಡೂ ಒಂದೇ. ಉಮ್ಮತ್ತಿ ತಿಂದರೆ ಬಾಯಿ ಒಣಗಿ, ಕಣ್ಣಿನ ಪಾಪೆ ಅಗಲವಾಗಿ, ಬಡಬಡಿಸೋಕೆ ಶುರು. ಹೆಚ್ಚಾದರೆ ಜೀವಕ್ಕೇ ಕುತ್ತು. ಹೆಸರಿನಲ್ಲೂ ಎಷ್ಟು ಹತ್ತಿರ ನೋಡಿ: ಗಣಿಕೆ, ಮದ್ದುಗುಣಿಕೆ. ಇದು ಸುಮ್ನೆ ಕಾಕತಾಳೀಯವಾ, ಅಥವಾ ಹಿಂದಿನವರೂ ಎರಡನ್ನೂ ಒಂದೇ ಕುಲ ಅಂತ ಗುರುತಿಸಿ ‘ಮದ್ದು’ ಸೇರಿಸಿ ಎಚ್ಚರಿಕೆ ಕೊಟ್ಟಿದ್ದರಾ? ಗಿಡದ ಶಾಸ್ತ್ರದಲ್ಲೂ ಎರಡೂ ಬದನೆಯ ಬಳಗವೇ.

‘ಸೋಸು’ ಕೂಡ ಗಮನಿಸಬೇಕಾದ ಪದ. ಕಾಫಿ ಸೋಸೋದು ಬೇರೆ. ಸೊಪ್ಪು ಸೋಸೋದು ಅಂದರೆ ಕಡ್ಡಿ, ಬಲಿತ ಎಲೆ, ಬೇಡದ್ದು ಬೇರೆ ಮಾಡೋದು. ‘ಕ್ಲೀನ್ ಮಾಡಿ’ ಅಂತ ಬರೆದಿದ್ದೆ, ಅಳಿಸಿದೆ.

ಹಾಗೆ ಸೋಸಿ ಒಟ್ಟಿಗೆ ಬೇಯಿಸಿದರೆ ಬೆರಕೆ ಸೊಪ್ಪು. ಮಸೆದು ಸಾರು ಮಾಡಿದರೆ ಮುದ್ದೆಗೆ ಅದರಷ್ಟು ಹೊಂದೋದು ಇನ್ನೊಂದಿಲ್ಲ ಅನ್ನೋದು ನನ್ನ ಅಭಿಪ್ರಾಯ, ಬಸ್ಸಾರಿನವರು ಜಗಳಕ್ಕೆ ಬರಬಹುದು. ತುಪ್ಪಕ್ಕೆ ‘ಕಲಬೆರಕೆ’ ಬೈಗುಳ. ಮನುಷ್ಯನಿಗೆ ‘ಬಲು ಬೆರ್ಕೆ’ ಅಂದರೆ ಕಿಲಾಡಿ. ಸೊಪ್ಪಿಗೆ ಮಾತ್ರ ‘ಬೆರಕೆ’ ಹೊಗಳಿಕೆ. ಎಷ್ಟು ಜಾತಿ ಸೇರಿದರೆ ಅಷ್ಟು ರುಚಿ.

ಸರಿ, ಕೇಳಬೇಕಾದ್ದು ಕೇಳುತ್ತೇನೆ. ಅಡಗಿ ಕಾಯುವ ಹೊಂಚು, ಕಷ್ಟಪಟ್ಟು ಒಟ್ಟು ಮಾಡುವ ಹೊಂಚು, ಇವೆರಡೂ ಒಂದೇ ಪದವಾ? ನನಗೆ ಎರಡು ದಾರಿ ಕಾಣುತ್ತಿವೆ. ‘ಹೊಂದಿಸು’ ಅನ್ನೋದು ಸವೆದು ಹೊಂಚು ಆಗಿರಬಹುದು, ಆಗ ಬೆಕ್ಕಿಗೂ ಅತ್ತೆಗೂ ಸಂಬಂಧ ಇಲ್ಲ. ಇಲ್ಲವೇ ಮೂಲ ಒಂದೇ ಇರಬಹುದು. ಕಣ್ಣಿಟ್ಟು ಕಾದು, ಸಿಕ್ಕಾಗ ಬಿಡದೆ ಹಿಡಿಯೋದು. ಅತ್ತೆ ಸಂತೆಯಲ್ಲಿ ಸಾಯಂಕಾಲದವರೆಗೆ ಕಾದು, ಬೆಲೆ ಬಿದ್ದ ಮೇಲೆ ಟೊಮೇಟೊ ಕೊಳ್ಳೋದು ನೋಡಿದರೆ ನನಗೆ ಎರಡನೆಯದೇ ಸರಿ ಅನ್ನಿಸುತ್ತೆ. ಆದರೆ ಅದು ಬರೀ ಅನಿಸಿಕೆ. ತಿಳಿದವರು ತಿದ್ದಿ.

ಪಾವಗಡ, ಮಧುಗಿರಿ, ಶಿರಾ ಕಡೆಯವರು ರಾಗಿ, ಸೌದೆಗೆ ಹೊಂಚು ಅಂತೀರಾ, ಬೇರೆ ಪದ ಇದೆಯಾ? ಗೌರಿಬಿದನೂರು, ಬಾಗೇಪಲ್ಲಿಯ ತೆಲುಗು ಮನೆಗಳಲ್ಲಿ ಈ ಎರಡನೇ ಅರ್ಥಕ್ಕೆ ‘ಪೊಂಚು’ ಯಾರಾದರೂ ಬಳಸುತ್ತಾರಾ? ‘ಮದ್ದುಗುಣಿಕೆ’ಗೆ ನಿಮ್ಮೂರಿನ ಹೆಸರು ಏನಿದ್ದರೂ ದಯವಿಟ್ಟು ಬರೆಯಿರಿ. ಕರಪತ್ರದಲ್ಲಿ ಅದನ್ನು ದಪ್ಪ ಅಕ್ಷರದಲ್ಲಿ ಹಾಕಬೇಕು.

ಅಚ್ಚಿಗೆ ಕೊಡೋಕೆ ಇನ್ನೊಂದು ವಾರ ಇದೆ. ತಲೆಬರಹದ ಜಾಗ ಖಾಲಿ ಬಿಟ್ಟಿದ್ದೇನೆ.