ಹಳೇ ಸಿ ಸರ್ವರ್‌ಗೆ ಟ್ರೇಸಿಂಗ್ ಲೈಬ್ರರಿ: ಪ್ರಿಲೋಡೋ, ಡಿಎಲ್‌ಓಪನ್ನೋ? ಅನುಭವ ಇದ್ದವರು ಹೇಳಿ

ಹೊಸ_ಮೇಂಟೇನರ್: ಹಳೇ ಸಿ ಸರ್ವರ್ ಒಂದು ನನ್ನ ಪಾಲಿಗೆ ಬಂದಿದೆ. ಕೋಡಲ್ಲಿ ಸಣ್ಣಪುಟ್ಟ ಬದಲಾವಣೆಗೆ ಒಪ್ತಾರೆ, ಆದರೆ ಟ್ರೇಸರ್‌ಗೆ (ಸರ್ವರ್ ಒಳಗೆ ಏನೇನು ನಡೆಯುತ್ತೆ ಅಂತ ದಾಖಲಿಸೋ ಲೈಬ್ರರಿ) ನೇರ ಲಿಂಕ್ ಮಾಡೋ ಹಾಗಿಲ್ಲ, ಬೇಕಾದಾಗ ಮಾತ್ರ ಲೋಡ್ ಆಗಬೇಕು. ಥ್ರೆಡ್ಡೂ ಇದೆ, ಫೋರ್ಕೂ (ಪ್ರೊಸೆಸ್ ತನ್ನದೇ ನಕಲು ಹುಟ್ಟಿಸೋದು) ಇದೆ. ನೀವೆಲ್ಲ ಏನು ಮಾಡಿದ್ರಿ?

ಪಿಎಲ್‌ಟಿ_ಪೈಲ್ವಾನ: ಕಣ್ಣುಮುಚ್ಚಿ ಎಲ್‌ಡಿ_ಪ್ರಿಲೋಡ್ ಹಾಕಿ, ಅಂದ್ರೆ ಬೇರೆ ಲೈಬ್ರರಿಗಳಿಗಿಂತ ಮೊದಲು ನಮ್ಮದನ್ನ ಲೋಡ್ ಮಾಡಿಸೋ ಎನ್ವಿರಾನ್ಮೆಂಟ್ ವೇರಿಯಬಲ್. ನಾವು ಮ್ಯಾಲಕ್ ಕುಟುಂಬವನ್ನೆಲ್ಲ (ಮೆಮೊರಿ ಕೊಡೋ, ಬಿಡೋ ಫಂಕ್ಷನ್‌ಗಳು) ಹೀಗೇ ಹಿಡಿದಿದ್ದು. ಮೊದಲ ಏಟು ಕ್ಯಾಲಕ್‌ದು: ನಮ್ಮ ಕ್ಯಾಲಕ್ ಅಸಲಿ ಕ್ಯಾಲಕ್‌ನ ವಿಳಾಸ ಹುಡುಕೋಕೆ ಡಿಎಲ್‌ಸಿಮ್ ಕರೆಯುತ್ತೆ, ಅದು ಒಳಗೆ ಕ್ಯಾಲಕ್ಕನ್ನೇ ಕರೆಯುತ್ತೆ, ಸ್ಟ್ಯಾಕ್ ಮುಗಿಯೋವರೆಗೂ ಇದೇ. ಆ ಹೊತ್ತಿಗೆ ಮಾತ್ರ ಒಂದು ಸ್ಟ್ಯಾಟಿಕ್ ಅರೇಯಿಂದ ಜಾಗ ಕೊಟ್ವಿ. ಆಮೇಲೆ ಯಾರೋ ಅದೇ ಪಾಯಿಂಟರನ್ನ ಫ್ರೀ ಮಾಡಿದ್ರು, ಅಬಾರ್ಟ್. ಫ್ರೀಯಲ್ಲೂ ವಿಳಾಸ ನೋಡಿ ಬಿಡೋ ಕೋಡು, ರಿಯಾಲಕ್‌ಗೂ ಅದೇ. ಎಫ್‌ಓಪನ್ ತೆರೆದ ಫೈಲುಗಳು ನಮ್ಮ ಓಪನ್ ಹುಕ್‌ಗೆ (ಕರೆಯನ್ನ ನಡುವೆ ಹಿಡಿಯೋ ಕೋಡು) ಸಿಗಲೇ ಇಲ್ಲ, ಗ್ಲಿಬ್‌ಸಿ (ಲಿನಕ್ಸ್‌ನ ಸಾಮಾನ್ಯ ಸಿ ಲೈಬ್ರರಿ) ತನ್ನೊಳಗಿನ ಕರೆಗೆ ಪಿಎಲ್‌ಟಿ (ಬೇರೆ ಲೈಬ್ರರಿಯ ಫಂಕ್ಷನ್‌ಗೆ ದಾರಿ ತೋರಿಸೋ ಟೇಬಲ್) ಕಡೆ ತಲೆಯೇ ಹಾಕಲ್ಲ. ಓಪನ್64, ಓಪನ್‌ಅಟ್, ಫಾರ್ಟಿಫೈ ಆದ (ಬಫರ್ ಮಿತಿ ಪರೀಕ್ಷೆ ಸೇರಿಸಿದ) ಬೈನರಿಗಳ __ರೀಡ್_ಚೆಕ್, ಒಂದೊಂದಕ್ಕೂ ಬೇರೆ ಹುಕ್. 2021ರಲ್ಲಿ ಗ್ಲಿಬ್‌ಸಿ 2.33 ಬಂತು. ಅಲ್ಲಿವರೆಗೆ ಸ್ಟ್ಯಾಟ್ ಬರೆದರೆ __ಎಕ್ಸ್‌ಸ್ಟ್ಯಾಟ್ ಕರೆಯಾಗ್ತಿತ್ತು. ಹೊಸದಾಗಿ ಕಂಪೈಲ್ ಆದವು ನೇರ ಸ್ಟ್ಯಾಟನ್ನೇ ಕರೆದವು. ಟ್ರೇಸ್‌ನಲ್ಲಿ ಒಂದು ಸಾಲಿಲ್ಲ, ಎರರ್ರೂ ಇಲ್ಲ. ಇಷ್ಟಾದ್ರೂ ಇವತ್ತಿಗೂ ಪ್ರಿಲೋಡೇ ನಡೀತಿದೆ.

ಕುಡ್ಲದ_ಡಿಬಗ್ಗರ್: ಇಷ್ಟು ಅನುಭವಿಸಿಯೂ ಪ್ರಿಲೋಡ್ ಹಾಕಿ ಅಂತೀರಲ್ಲ ಮಾರಾಯ್ರೆ! ನಮ್ಮ ಸರ್ವರ್ ಸಿಸ್ಟಮ್ ಫಂಕ್ಷನ್ ಕರೆದಾಗಲೆಲ್ಲ ಶೆಲ್, ಗ್ರೆಪ್, ಜಿಜಿಪ್ ಎಲ್ಲದರೊಳಗೂ ಟ್ರೇಸರ್ ಹೊಕ್ಕು ಕೂತಿತ್ತು. ಸೆಟ್‌ಯುಐಡಿ ಬೈನರಿಗೆ (ಮಾಲೀಕನ ಅಧಿಕಾರದಲ್ಲಿ ಓಡುವಂಥದ್ದು) ಪ್ರಿಲೋಡಿನಲ್ಲಿ ಪೂರ್ತಿ ಪಾಥ್ ಕೊಟ್ಟರೆ ಲೋಡರ್ ಸದ್ದಿಲ್ಲದೆ ಬಿಟ್ಟುಬಿಡ್ತದೆ. ನಾವು ಡಿಎಲ್‌ಓಪನ್‌ಗೆ ಬಂದೆವು, ಅಂದ್ರೆ ಓಡುತ್ತಿರುವ ಪ್ರೋಗ್ರಾಂ ತಾನೇ ಲೈಬ್ರರಿ ತೆರೆಯುವುದು. ಫಂಕ್ಷನ್ ಪಾಯಿಂಟರ್ ಟೇಬಲ್, ಲೈಬ್ರರಿ ಸಿಗದಿದ್ದರೆ ಖಾಲಿ ಫಂಕ್ಷನ್. ಚಂದ ಇತ್ತು. ಮತ್ತೆ ವೆಂಡರ್ ಹೊಸ .ಎಸ್‌ಓ (ಲೈಬ್ರರಿ ಫೈಲ್) ಕಳಿಸಿದ, ಸ್ಟ್ಯಾಟಿಕ್ ಟಿಎಲ್‌ಎಸ್ ಬ್ಲಾಕ್‌ನಲ್ಲಿ (ಪ್ರತಿ ಥ್ರೆಡ್ಡಿನ ಸ್ವಂತ ವೇರಿಯಬಲ್‌ಗೆ ಮೊದಲೇ ಇಟ್ಟ ಜಾಗ) ಜಾಗ ಇಲ್ಲ ಅಂತ ಲೋಡೇ ಆಗ್ಲಿಲ್ಲ. ವೇಗ ಬೇಕಂತ ಆ ಜಾಗವನ್ನೇ ಬಳಸುವ ಇನಿಷಿಯಲ್-ಎಕ್ಸೆಕ್ ಮಾದರಿಯಲ್ಲಿ ಕಂಪೈಲ್ ಮಾಡಿದ್ದನಂತೆ. ಗ್ಲಿಬ್‌ಸಿ ಇದಕ್ಕೆ ಇಡುವುದು ಡೀಫಾಲ್ಟ್ 512 ಬೈಟು. ಗ್ಲಿಬ್‌ಸಿಯ ಟ್ಯೂನಬಲ್ ಸೆಟ್ಟಿಂಗ್‌ನಲ್ಲಿ ಏರಿಸಬಹುದು, ಆದ್ರೆ ಅದಕ್ಕೂ ಎನ್ವಿರಾನ್ಮೆಂಟ್ ವೇರಿಯಬಲ್ಲೇ ಬೇಕು! ಲೈಬ್ರರಿ ಇಳಿಸುವ ಡಿಎಲ್‌ಕ್ಲೋಸ್‌ದು ಬೇರೆಯೇ ಕಥೆ. ಟ್ರೇಸರಿನ ಹಿನ್ನೆಲೆ ಥ್ರೆಡ್ ಓಡ್ತಿರುವಾಗಲೇ ಅದರ ಕೋಡ್ ಅನ್‌ಮ್ಯಾಪ್ ಆಗಿ ಹೋಯ್ತು, ಕೋರ್ ಡಂಪ್ ತೆರೆದರೆ ಬ್ಯಾಕ್‌ಟ್ರೇಸ್ ತುಂಬ ಪ್ರಶ್ನೆಚಿಹ್ನೆ. ಈಗ ಆರ್‌ಟಿಎಲ್‌ಡಿ_ನೋಡಿಲೀಟ್ (ಇಳಿಸಬೇಡ ಅನ್ನುವ ಫ್ಲಾಗ್) ಇಲ್ಲದೆ ನಾನು ಏನನ್ನೂ ತೆರೆಯುವುದಿಲ್ಲ.

ಪಿಎಲ್‌ಟಿ_ಪೈಲ್ವಾನ: ಶೆಲ್‌ಗೆ ಹೋಗಬಾರದು ಅಂದ್ರೆ ಕನ್‌ಸ್ಟ್ರಕ್ಟರ್‌ನಲ್ಲಿ ಅನ್‌ಸೆಟ್‌ಎನ್ವ್, ಒಂದು ಸಾಲು. ಅದಕ್ಕೆ ಇಷ್ಟುದ್ದ ಹರಿಕಥೆನಾ?

ಕುಡ್ಲದ_ಡಿಬಗ್ಗರ್: ಕ್ಯಾಲಕ್ ಪುರಾಣ ಓದಿದವರು ಹೇಳುವ ಮಾತಾ ಇದು?

ಧಾರವಾಡ_ಲಿನಕ್ಸ್: ಫೋರ್ಕ್ ಐತಿ ಅಂತ ಕೇಳ್ಯಾರ, ಒಬ್ಬರೂ ಅದನ್ನ ಹೇಳವಲ್ರಲ್ಲರೀ. ನಾವು ಎಲ್‌ಟಿಟಿಎನ್‌ಜಿ ಅನ್ನೂ ಲಿನಕ್ಸ್ ಟ್ರೇಸರ್ ಹಾಕೇವಿ. ಅದರ ಟ್ರೇಸ್‌ಪಾಯಿಂಟ್ ಪ್ರೊವೈಡರ್ (ಯಾವ ಇವೆಂಟ್ ದಾಖಲಿಸಬೇಕು ಅನ್ನೂ ಕೋಡು) ಬ್ಯಾರೆ .ಎಸ್‌ಓ, ಪ್ರಿಲೋಡ್ ಮಾಡ್ರಿ, ಡಿಎಲ್‌ಓಪನ್ ಮಾಡ್ರಿ, ಎರಡೂ ನಡಿತಾವ. ಆದ್ರ ಚೈಲ್ಡ್ ಪ್ರೊಸೆಸ್‌ನಿಂದ ಒಂದು ಇವೆಂಟೂ ಬರಲಿಲ್ಲ. ಫೋರ್ಕ್ ಕರದ ಥ್ರೆಡ್ ಒಂದ ಆ ಕಡೆ ಹೋಗತೈತಿ, ಟ್ರೇಸರಿನ ಲಿಸನರ್ ಥ್ರೆಡ್ ಹೋಗಂಗಿಲ್ಲ. ಅದಕ್ಕ ಲಿಬ್‌ಎಲ್‌ಟಿಟಿಎನ್‌ಜಿ-ಯುಎಸ್‌ಟಿ-ಫೋರ್ಕ್ ಅಂತ ಇನ್ನೊಂದನ್ನ ಪ್ರಿಲೋಡ್ ಮಾಡಬೇಕಾತು. ಟ್ರೇಸಿಂಗ್ ನಡಸೂ ಸೆಷನ್ ಡೀಮನ್ ತಡಾ ಮಾಡಿದ್ರ ಪ್ರೋಗ್ರಾಂ ಮೇನ್ ಶುರು ಆಗೂದಕ್ಕ ಮೊದಲ 3000 ಮಿಲಿಸೆಕೆಂಡ್ ತನಕ ಕಾಯತೈತಿ, ಹೆಲ್ತ್‌ಚೆಕ್ ಫೇಲ್. ಅದನ್ನ ಸರಿ ಮಾಡೂದರಾಗ ಎಲ್‌ಟಿಟಿಎನ್‌ಜಿ 2.13 ಬಂತು, ಸೋನೇಮ್ (ಲೈಬ್ರರಿ ಹೆಸರಿನಾಗಿನ ಆವೃತ್ತಿ ಸಂಖ್ಯಾ) 0 ಇದ್ದದ್ದು 1 ಆತು, ಪ್ರೊವೈಡರ್ ಎಲ್ಲಾ ಮತ್ತ ಕಂಪೈಲ್.

ಯುಪ್ರೋಬ್_ಉಪಾಸಕ: ಇನ್ನೂ ಇದೇ ಗೋಳಾ? ಯುಪ್ರೋಬ್ (ಪ್ರೊಸೆಸ್‌ನ ಫಂಕ್ಷನ್‌ಗಳನ್ನ ಕರ್ನಲ್‌ನಿಂದಲೇ ಗಮನಿಸೋ ವ್ಯವಸ್ಥೆ) 2012ರಲ್ಲೇ ಕರ್ನಲ್ 3.5ಕ್ಕೆ ಬಂದಾಯ್ತು. ಅದನ್ನ ಬಳಸೋ ಬಿಪಿಎಫ್‌ಟ್ರೇಸ್ ಟೂಲಲ್ಲಿ ಒಂದು ಸಾಲು, ಪ್ರೊಸೆಸ್‌ನೊಳಗೆ ಯಾವ ಲೈಬ್ರರಿಯೂ ಬೇಡ.

ಪಿಎಲ್‌ಟಿ_ಪೈಲ್ವಾನ: ಪ್ರತಿ ಹಿಟ್‌ಗೂ ಬ್ರೇಕ್‌ಪಾಯಿಂಟ್ ಟ್ರ್ಯಾಪ್, ಕರ್ನಲ್‌ಗೆ ಹೋಗಿ ಬರಬೇಕು. ಮ್ಯಾಲಕ್ ಮೇಲೆ ಹಾಕಿ ನೋಡಿ, ಆಮೇಲೆ ಮಾತಾಡೋಣ. ಪ್ರೊಡಕ್ಷನ್‌ನಲ್ಲಿ ರೂಟ್ ಯಾರು ಕೊಡ್ತಾರೆ?

ಹೊಸ_ಮೇಂಟೇನರ್: ನಮ್ಮ ಕಂಟೈನರ್ ಆಲ್ಪೈನ್ ಲಿನಕ್ಸ್. ವ್ಯತ್ಯಾಸ ಆಗುತ್ತಾ?

ಕುಡ್ಲದ_ಡಿಬಗ್ಗರ್: ಆಗದೆ! ಅದರಲ್ಲಿರುವುದು ಮಸಲ್, ಗ್ಲಿಬ್‌ಸಿ ಬದಲಿನ ಸಿ ಲೈಬ್ರರಿ. ಗ್ಲಿಬ್‌ಸಿಗೆ ಕಟ್ಟಿದ ವೆಂಡರ್ .ಎಸ್‌ಓ ಅಲ್ಲಿ ನಂಬಬೇಡಿ. ಡಿಎಲ್‌ಕ್ಲೋಸ್ ಅಲ್ಲಿ ಏನನ್ನೂ ಇಳಿಸುವುದಿಲ್ಲ, ಅದೊಂದು ಒಳ್ಳೇದು.

ಧಾರವಾಡ_ಲಿನಕ್ಸ್: ಏನೂ ಮಾಡದ ಫಂಕ್ಷನ್ ಒಳ್ಳೇದು ಹೆಂಗರೀ? ಮೆಮೊರಿ ಯಾರು ವಾಪಸ್ ಕೊಡಾವ್ರು?

ಕುಡ್ಲದ_ಡಿಬಗ್ಗರ್: ಕ್ರ್ಯಾಶ್ ಆದ್ರೆ ಪೂರ್ತಿ ವಾಪಸ್ ಬರ್ತದೆ, ಅದು ಬೇಕಾ?

ಯುಪ್ರೋಬ್_ಉಪಾಸಕ: ಮಸಲ್ ಆದ್ರೇನು, ಗ್ಲಿಬ್‌ಸಿ ಆದ್ರೇನು, ಯುಪ್ರೋಬ್‌ಗೆ ಎರಡೂ ಒಂದೇ. ಮತ್ತೆ ಹೇಳ್ತಿದ್ದೀನಿ.

ಪಿಎಲ್‌ಟಿ_ಪೈಲ್ವಾನ: ನಾನೂ ಮತ್ತೆ ಕೇಳ್ತಿದ್ದೀನಿ, ರೂಟ್ ಯಾರು ಕೊಡ್ತಾರೆ?