ಸಹಾಯ ಬೇಕು: ಹಳೇ ವೆಬ್ ಅಪ್ಲಿಕೇಶನ್ ನೋಡಿಕೊಳ್ಳುವ ಕೆಲಸಕ್ಕೆ ರೇಟ್, ಕರಾರು ಹೇಗೆ?

ಎಲ್ಲರಿಗೂ ನಮಸ್ಕಾರ. ಒಂಬತ್ತು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿ ಈಗ ಶಿವಮೊಗ್ಗಕ್ಕೆ ವಾಪಸ್ ಬಂದಿದ್ದೇನೆ. ಹೊಸ ವೆಬ್‌ಸೈಟ್ ಮಾಡಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಬೇರೆಯವರು ಬರೆದು ಬಿಟ್ಟುಹೋದದ್ದನ್ನು ನೋಡಿಕೊಳ್ಳುವವರು ಕಡಿಮೆ. ನನಗೆ ಆ ಕೆಲಸವೇ ಇಷ್ಟ, ಅದನ್ನೇ ಸ್ವಂತವಾಗಿ ಶುರು ಮಾಡುತ್ತಿದ್ದೇನೆ.

ಮೊದಲ ಗಿರಾಕಿ ಒಬ್ಬರು ಅಡಿಕೆ ವ್ಯಾಪಾರಿ. ಅವರ ಬಿಲ್ಲಿಂಗ್ ಅಪ್ಲಿಕೇಶನ್ ಪಿಎಚ್‌ಪಿ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಹಳೇ ವರ್ಷನ್ 5.6ರಲ್ಲಿದೆ. ಅದಕ್ಕೆ ಸೆಕ್ಯುರಿಟಿ ಅಪ್‌ಡೇಟ್ 2018ರ ಡಿಸೆಂಬರ್‌ಗೇ ನಿಂತಿದೆ. ಬರೆದ ಹುಡುಗ ಫೋನ್ ಎತ್ತುವುದಿಲ್ಲವಂತೆ. ಒಳಗೆಲ್ಲ ಮೈಎಸ್‌ಕ್ಯುಎಲ್ ಡೇಟಾಬೇಸ್ ಜೊತೆ ಮಾತಾಡುವ ಪಿಎಚ್‌ಪಿಯ ಹಳೇ ಫಂಕ್ಷನ್‌ಗಳು. ಪಿಎಚ್‌ಪಿ 7ರಲ್ಲಿ ಅವನ್ನು ತೆಗೆದೇಬಿಟ್ಟಿದ್ದಾರೆ. ಸುಮ್ನೆ ವರ್ಷನ್ ಏರಿಸಿದರೆ ಬಿಲ್ ಪೇಜೇ ತೆರೆಯುವುದಿಲ್ಲ. ಬ್ಯಾಕಪ್ ಕೂಡ ಇರಲಿಲ್ಲ, ಮೊದಲು ಅದನ್ನು ತೆಗೆದಿಟ್ಟೆ. ಸೀಸನ್‌ನಲ್ಲಿ ಇದು ನಿಂತರೆ ರೈತರ ಲೆಕ್ಕವೂ ನಿಲ್ಲುತ್ತದೆ ಅಲ್ವಾ, ಅದೇ ಚಿಂತೆ.

ಈ ಕೆಲಸದಲ್ಲಿರುವವರು ದಯವಿಟ್ಟು ಹೇಳಿ. ತಿಂಗಳಿಗೆ ಇಷ್ಟು ಅಂತ ತೆಗೆದುಕೊಳ್ಳುತ್ತೀರಾ, ಗಂಟೆ ಲೆಕ್ಕವಾ? ಕೋಡ್ ಓದಿ ನೋಡುವುದಕ್ಕೇ ಒಂದು ವಾರ ಬೇಕು, ಅದಕ್ಕೆ ಬೇರೆ ದುಡ್ಡು ಕೇಳಬಹುದಾ? ಹಳೇ ತಪ್ಪಿನಿಂದ ಡೇಟಾ ಹಾಳಾದರೆ ಹೊಣೆ ಯಾರದು ಅಂತ ಕರಾರಿನಲ್ಲಿ ಹೇಗೆ ಬರೆಯುತ್ತೀರಿ? ನಿಮ್ಮ ಕರಾರಿನ ನಮೂನೆಯನ್ನು ಹೆಸರು ಅಳಿಸಿ ಕಳಿಸಿದರೆ ದೊಡ್ಡ ಉಪಕಾರ.